ನೆರೆಯ ದೇಶದ ಮೂಲಕ ಹಾದು ಯುರೋಪಿನಲ್ಲಿರುವ ಸಂಗಾತಿಯನ್ನು ಸೇರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪತಿ ಅಥವಾ ಪತ್ನಿ ಯುರೋಪಿನ ಒಂದು ದೇಶದಲ್ಲಿದ್ದು, ಅಲ್ಲಿಗೆ ಹೋಗುವ ದಾರಿ ಪಕ್ಕದ ಇನ್ನೊಂದು ದೇಶದ ಮೂಲಕ ಸಾಗುವಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಭಾರತದ ಪಾಸ್‌ಪೋರ್ಟ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಈ ವಿಷಯದಲ್ಲಿ ಜನರನ್ನು ಕಾಡುವ ಗೊಂದಲಗಳಲ್ಲಿ ಹೆಚ್ಚಿನವು ದಾರಿಗೆ ಸಂಬಂಧಿಸಿದವಲ್ಲ. ಕೈಯಲ್ಲಿರುವ ವೀಸಾ ಯಾವ ಕಾನೂನಿನ ಅಡಿಯಲ್ಲಿ ಬಂದದ್ದು ಎಂಬುದನ್ನು ನೋಡಿಕೊಳ್ಳದೆ ಟಿಕೆಟ್ ತೆಗೆಯುವುದರಿಂದ ಹುಟ್ಟುವಂಥವು. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಒಂದೇ ಊರಿಗೆ ಹೊರಟ ಇಬ್ಬರಲ್ಲಿ ಒಬ್ಬರಿಗೆ ನೆರೆಯ ದೇಶದ ಬಾಗಿಲು ತೆರೆದಿದ್ದು ಇನ್ನೊಬ್ಬರಿಗೆ ಮುಚ್ಚಿರುವುದು ಸಾಧ್ಯ.

ನನ್ನ ಪತಿ ನೆದರ್ಲೆಂಡ್ಸ್‌ನಲ್ಲಿದ್ದಾರೆ, ನನಗೆ ಸಿಕ್ಕಿರುವುದೂ ಅಲ್ಲಿನ ವೀಸಾ. ವಿಮಾನ ಮಾತ್ರ ಫ್ರಾಂಕ್‌ಫರ್ಟ್‌ನಲ್ಲಿ ಬದಲಾಗುತ್ತದೆ. ಜರ್ಮನಿಗೆ ಪ್ರತ್ಯೇಕ ವೀಸಾ ಬೇಕೇ?

ಬೇಡ. ಸಂಗಾತಿಯನ್ನು ಸೇರಿ ನೆಲೆಸಲು ಕೊಡುವ ವೀಸಾ ಸಾಮಾನ್ಯವಾಗಿ ‘ಡಿ’ ವರ್ಗದ ರಾಷ್ಟ್ರೀಯ ವೀಸಾ ಆಗಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಎಂವಿವಿ ಎನ್ನುತ್ತಾರೆ. ಷೆಂಗೆನ್ ವಲಯದ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಟ್ಟ ಯುರೋಪಿನ ದೇಶಗಳ ಗುಂಪಿನ, ಒಂದು ಸದಸ್ಯ ದೇಶ ಕೊಟ್ಟ ದೀರ್ಘಾವಧಿ ವೀಸಾವನ್ನೋ ನಿವಾಸ ಪರವಾನಗಿಯನ್ನೋ ಹೊಂದಿರುವವರು ಆ ದೇಶವನ್ನು ತಲುಪುವ ಸಲುವಾಗಿ ಬೇರೊಂದು ಸದಸ್ಯ ದೇಶದ ಗಡಿಗೆ ಬಂದರೆ, ಅವರನ್ನು ಹಾದುಹೋಗಲು ಬಿಡಬೇಕೆಂದು ಷೆಂಗೆನ್ ಗಡಿ ಸಂಹಿತೆಯ 6ನೆಯ ವಿಧಿ ಹೇಳುತ್ತದೆ. ಹಾದುಹೋಗುವ ದೇಶ ನಿಮ್ಮ ಹೆಸರನ್ನು ತನ್ನದೇ ತಡೆಪಟ್ಟಿಯಲ್ಲಿ ಸೇರಿಸಿ, ಪ್ರವೇಶ ನಿರಾಕರಿಸುವಂತೆ ಸೂಚನೆ ಕೊಟ್ಟಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ.

ಇಲ್ಲಿ ಅನೇಕರಿಗೆ ಅನಿರೀಕ್ಷಿತವಾಗಿ ಎದುರಾಗುವ ಸಂಗತಿಯೊಂದಿದೆ. ಇಮಿಗ್ರೇಷನ್ ತಪಾಸಣೆ ನಡೆಯುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಲ್ಲ, ಷೆಂಗೆನ್ ವಲಯದಲ್ಲಿ ನೀವು ಮೊದಲು ಕಾಲಿಡುವ ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿಂದ ಮುಂದಿನ ವಿಮಾನ ಒಳನಾಡಿನ ಪ್ರಯಾಣದಂತೆಯೇ ಇರುತ್ತದೆ, ಇಳಿದ ಮೇಲೆ ಪಾಸ್‌ಪೋರ್ಟ್ ಕೇಳುವವರು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ‘ಎಲ್ಲಿಗೆ, ಯಾಕೆ, ಯಾರ ಹತ್ತಿರ’ ಎಂಬ ಪ್ರಶ್ನೆಗಳನ್ನು ಡಚ್ ಅಧಿಕಾರಿಯ ಬದಲು ಜರ್ಮನ್ ಅಧಿಕಾರಿ ಕೇಳುತ್ತಾರೆ. ‘ಪತಿಯ ಜೊತೆ ವಾಸಿಸಲು ನೆದರ್ಲೆಂಡ್ಸ್‌ಗೆ ಹೋಗುತ್ತಿದ್ದೇನೆ’ ಎಂದು ನೇರವಾಗಿ ಹೇಳಿ, ವೀಸಾ ಇರುವ ಪುಟವನ್ನೂ ಮುಂದಿನ ವಿಮಾನದ ಬೋರ್ಡಿಂಗ್ ಪಾಸನ್ನೂ ತೋರಿಸಿದರೆ ಸಾಕು. ಗಡಿಬಿಡಿಯಲ್ಲಿ ‘ಟೂರಿಸ್ಟ್’ ಎಂದುಬಿಟ್ಟರೆ ಅನಗತ್ಯವಾದ ವಿಚಾರಣೆ ಶುರುವಾಗುತ್ತದೆ. ಇನ್ನು ಲಗೇಜು: ಒಂದೇ ಟಿಕೆಟ್‌ನಲ್ಲಿ ಕೊನೆಯ ಊರಿನವರೆಗೆ ಟ್ಯಾಗ್ ಹಾಕಿದ ದೊಡ್ಡ ಪೆಟ್ಟಿಗೆಯ ಕಸ್ಟಮ್ಸ್ ತಪಾಸಣೆ ಕೊನೆಯ ವಿಮಾನ ನಿಲ್ದಾಣದಲ್ಲಾಗುತ್ತದೆ, ಕೈಚೀಲದ್ದು ಮೊದಲನೆಯದರಲ್ಲಿ.

ಷೆಂಗೆನ್ ಮತ್ತು ಯುರೋಪಿಯನ್ ಒಕ್ಕೂಟ ಒಂದೇ ಅಲ್ಲವೇ?

ಅಲ್ಲ. ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್‌ಲ್ಯಾಂಡ್ ಮತ್ತು ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿಲ್ಲದಿದ್ದರೂ ಈ ವಲಯದಲ್ಲಿವೆ. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ವಲಯದಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಬಲ್ಗೇರಿಯ ಮತ್ತು ರೊಮೇನಿಯಗಳ ಭೂಗಡಿಯ ತಪಾಸಣೆ ರದ್ದಾದದ್ದು 2025ರ ಜನವರಿ 1ರಂದು, ಹಾಗಾಗಿ ಹಳೆಯ ನಕ್ಷೆಗಳನ್ನು ನಂಬಬೇಡಿ.

ವೀಸಾ ಹತ್ತನೆಯ ತಾರೀಖಿನಿಂದ ಆರಂಭವಾಗುತ್ತದೆ. ಒಂಬತ್ತರ ರಾತ್ರಿ ನೆರೆಯ ದೇಶದಲ್ಲಿ ಇಳಿದು, ಹತ್ತರ ಬೆಳಿಗ್ಗೆ ಗಮ್ಯ ದೇಶವನ್ನು ಸೇರಬಹುದೇ?

ಸಾಧ್ಯವಿಲ್ಲ. ವೀಸಾದ ಆರಂಭದ ದಿನ ಲೆಕ್ಕಕ್ಕೆ ಬರುವುದು ನೀವು ಮನೆ ಸೇರುವ ಗಳಿಗೆಗಲ್ಲ, ವಲಯದ ಹೊರಗಡಿಯನ್ನು ದಾಟುವ ಗಳಿಗೆಗೆ. ಅದೂ ಅಲ್ಲಿನ ಸ್ಥಳೀಯ ಸಮಯದ ಪ್ರಕಾರ. ಇಂಥ ಪ್ರಯಾಣಿಕರನ್ನು ವಿಮಾನ ಸಂಸ್ಥೆ ಹೊರಡುವ ಊರಿನಲ್ಲೇ ತಡೆಯುವ ಸಂಭವ ಹೆಚ್ಚು.

ಇದರ ಜೊತೆಗೆ ಸ್ಟಿಕ್ಕರಿನ ಮೇಲೆ ಎಷ್ಟು ಬಾರಿಯ ಪ್ರವೇಶ ಎಂದು ನಮೂದಿಸಿದ್ದಾರೆ ಎಂಬುದನ್ನೂ ನೋಡಬೇಕು. ಅಲ್ಲಿ ‘1’ ಎಂದಿದ್ದರೆ, ಪ್ಯಾರಿಸ್‌ನಲ್ಲಿ ಇಮಿಗ್ರೇಷನ್ ದಾಟಿ ಹೊರಬಂದು, ಲಂಡನ್‌ನಲ್ಲಿರುವ ಬಂಧುಗಳನ್ನು ನೋಡಿ, ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡುವ ಯೋಜನೆ ಕೈಕೊಡುತ್ತದೆ. ಇದ್ದ ಒಂದೇ ಪ್ರವೇಶ ಪ್ಯಾರಿಸ್‌ನಲ್ಲೇ ಮುಗಿದಿರುತ್ತದೆ.

ದಾರಿಯಲ್ಲಿ ಸಿಗುವ ನೆರೆಯ ದೇಶದಲ್ಲಿ ಕೆಲವು ದಿನ ಉಳಿದು ಹೋಗಬಹುದೇ?

ಡಿ ವರ್ಗದ ವೀಸಾ ಇರುವವರು ಬೇರೆ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳವರೆಗೆ ಇರಬಹುದು. 2010ರಲ್ಲಿ ನಿಯಮ ತಿದ್ದುಪಡಿಯಾದಾಗ ಬಂದ ಅನುಕೂಲವಿದು. ಆದರೆ ಬರೀ ಹಾದುಹೋಗುವುದಕ್ಕೂ ಉಳಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಉಳಿಯುವುದಾದರೆ ಖರ್ಚಿಗೆ ಹಣವಿದೆ, ತಂಗಲು ಜಾಗವಿದೆ ಎಂಬ ಸಾಮಾನ್ಯ ಷರತ್ತುಗಳು ಅನ್ವಯಿಸುತ್ತವೆ.

ಕಾನೂನು ಬಿಡುತ್ತದೆ ಎಂಬ ಕಾರಣಕ್ಕೆ ಮೊದಲ ಪ್ರಯಾಣದಲ್ಲೇ ಇದನ್ನು ಬಳಸಿಕೊಳ್ಳುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಗಮ್ಯ ದೇಶವನ್ನು ಸೇರಿದ ಮೇಲೆ ಮಾಡಬೇಕಾದ ಕೆಲಸಗಳಿಗೆ ಗಡುವುಗಳಿವೆ. ಇಟಲಿಯಲ್ಲಿ ಪ್ರವೇಶಿಸಿದ 8 ಕೆಲಸದ ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು, ಸ್ಪೇನ್‌ನಲ್ಲಿ ವಿದೇಶಿಯರ ಗುರುತಿನ ಕಾರ್ಡಿಗೆ ಒಂದು ತಿಂಗಳೊಳಗೆ, ಫ್ರಾನ್ಸ್‌ನಲ್ಲಿ ದೀರ್ಘಾವಧಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕು. ಸುತ್ತಾಟವನ್ನು ಕಾರ್ಡ್ ಕೈಗೆ ಬಂದ ಮೇಲೆ ಇಟ್ಟುಕೊಂಡರೆ ನಿಶ್ಚಿಂತೆ.

ನೆರೆಯ ದೇಶದ ಮೂಲಕ ಬಂದರೆ ಪಾಸ್‌ಪೋರ್ಟ್‌ನಲ್ಲಿ ಪ್ರವೇಶದ ಮುದ್ರೆ ಬೀಳುತ್ತದೆಯೇ?

ಹಿಂದೆ ಬೀಳುತ್ತಿತ್ತು, ಈಗ ಖಾತ್ರಿಯಿಲ್ಲ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆ, ಅಂದರೆ ಇಇಎಸ್, ಅಲ್ಪಾವಧಿಗೆ ಬರುವವರ ಬೆರಳಚ್ಚು ಮತ್ತು ಮುಖಚಿತ್ರವನ್ನು ದಾಖಲಿಸಿಕೊಂಡು ಮುದ್ರೆಯ ಬದಲಿಗೆ ನಿಲ್ಲುತ್ತದೆ. ದೀರ್ಘಾವಧಿ ವೀಸಾ ಅಥವಾ ನಿವಾಸ ಪರವಾನಗಿ ಇರುವವರು ಆ ವ್ಯವಸ್ಥೆಯ ವ್ಯಾಪ್ತಿಗೇ ಬರುವುದಿಲ್ಲ. ಹೀಗಾಗಿ ನೀವು ಯಾವ ದಿನ ಬಂದಿರಿ ಎಂಬುದಕ್ಕೆ ಕಂಪ್ಯೂಟರಿನಲ್ಲಾಗಲಿ ಪಾಸ್‌ಪೋರ್ಟಿನಲ್ಲಾಗಲಿ ಗುರುತು ಇಲ್ಲದೆ ಹೋಗಬಹುದು.

ಮೇಲೆ ಹೇಳಿದ ಗಡುವುಗಳೆಲ್ಲ ಬಂದ ದಿನದಿಂದಲೇ ಎಣಿಕೆಯಾಗುವುದರಿಂದ ಇದು ಸಣ್ಣ ವಿಷಯವಲ್ಲ. ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್‌ಗಳನ್ನು, ಫೋನಿನಲ್ಲಿದ್ದರೆ ಅವುಗಳ ಸ್ಕ್ರೀನ್‌ಶಾಟನ್ನು, ಲಗೇಜಿನ ಟ್ಯಾಗಿನ ತುಂಡನ್ನು, ರೈಲಿನಲ್ಲಿ ಬಂದಿದ್ದರೆ ಆ ಟಿಕೆಟನ್ನು ಕಾರ್ಡ್ ಸಿಗುವವರೆಗೆ ಜೋಪಾನವಾಗಿಡಿ. ಕೆಲವು ದೇಶಗಳು ನೆರೆಯ ದೇಶದಿಂದ ಬಂದವರು ತಾವು ಬಂದಿರುವುದನ್ನು ಪೊಲೀಸರಿಗೋ ಪುರಸಭೆಗೋ ತಿಳಿಸಬೇಕೆಂದು ಕೇಳುವುದೂ ಉಂಟು. ಸಂಗಾತಿ ವಾಸವಿರುವ ಊರಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ.

ವಿಮಾನ ಇಳಿದು ರೈಲು ಅಥವಾ ಕಾರಿನಲ್ಲಿ ಗಡಿ ದಾಟಿದರೆ?

ನಿಯಮ ಅದೇ. ಒಳಗಡಿಗಳಲ್ಲಿ ತಪಾಸಣೆ ಇರಬಾರದು ಎಂಬುದು ಮೂಲ ಒಪ್ಪಂದವಾದರೂ ಭದ್ರತೆಯ ಕಾರಣಕ್ಕೆ ತಾತ್ಕಾಲಿಕವಾಗಿ ಅದನ್ನು ಮರಳಿ ತರಲು ಸದಸ್ಯ ದೇಶಗಳಿಗೆ ಅವಕಾಶವಿದೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿತು. ವಿಯೆನ್ನಾದಿಂದ ಮ್ಯೂನಿಕ್‌ಗೆ ಹೋಗುವ ರೈಲಿನಲ್ಲಿ ಪೊಲೀಸರು ಹತ್ತಿ ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಕಿಲ್ಲ. ಆದರೆ ಅದು ಮೇಲಿನ ಹಲಗೆಯ ಮೇಲಿಟ್ಟ ಪೆಟ್ಟಿಗೆಯ ತಳದಲ್ಲಿರದೆ ಕೈಗೆ ಸಿಗುವಂತಿರಬೇಕು.

ಒಂದು ಕುತೂಹಲದ ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಸೆಲ್-ಮುಲೂಸ್ ವಿಮಾನ ನಿಲ್ದಾಣ ಇರುವುದು ಫ್ರಾನ್ಸ್‌ನ ನೆಲದ ಮೇಲೆ, ಆದರೆ ಅದಕ್ಕೆ ಸ್ವಿಸ್ ಕಡೆಗೊಂದು, ಫ್ರೆಂಚ್ ಕಡೆಗೊಂದು ಬಾಗಿಲುಗಳಿವೆ. ಜರ್ಮನಿಯ ಫ್ರೈಬುರ್ಗ್‌ಗೆ ಹೋಗುವವರೂ ಇದನ್ನು ಬಳಸುತ್ತಾರೆ. ಸಂಗಾತಿ ಕರೆದೊಯ್ಯಲು ಬರುವುದಾದರೆ ಯಾವ ಬಾಗಿಲಲ್ಲಿ ಕಾಯಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ನನ್ನ ಪತ್ನಿ ಇಟಲಿಯ ನಾಗರಿಕಳು, ಕೆಲಸ ಮಾಡುವುದು ಜರ್ಮನಿಯಲ್ಲಿ. ನನಗೆ ಬೇರೆ ನಿಯಮವಿದೆಯೇ?

ಇದೆ, ಮತ್ತು ಅದು ಬಹಳ ಉದಾರವಾದದ್ದು. ಒಕ್ಕೂಟದ ನಾಗರಿಕರೊಬ್ಬರು ತಮ್ಮ ದೇಶವಲ್ಲದ ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸಿದಾಗ, ಅವರ ಸಂಗಾತಿ ಯಾವ ದೇಶದವರೇ ಆಗಿರಲಿ, 2004ರ 38ನೆಯ ನಿರ್ದೇಶನದ (ಸದಸ್ಯ ದೇಶಗಳು ಪಾಲಿಸಬೇಕಾದ ಒಕ್ಕೂಟದ ಕಾನೂನು) ಅಡಿಯಲ್ಲಿ ಅವರ ಜೊತೆ ಹೋಗುವ ಅಥವಾ ಅವರನ್ನು ಸೇರುವ ಹಕ್ಕು ಪಡೆಯುತ್ತಾರೆ. ಇದು ಆ ದೇಶ ತೋರುವ ದಯೆಯಲ್ಲ, ನಾಗರಿಕರ ಮುಕ್ತ ಸಂಚಾರದ ಹಕ್ಕಿನಿಂದ ಹರಿದುಬರುವ ಹಕ್ಕು. ಹಾಗಾಗಿ ಪ್ರವೇಶಕ್ಕೆ ಬೇಕಾದ ವೀಸಾವನ್ನು ಶುಲ್ಕವಿಲ್ಲದೆ, ಆದಷ್ಟು ಬೇಗ, ತ್ವರಿತ ವಿಧಾನದಲ್ಲಿ ಕೊಡಬೇಕೆಂದು 5ನೆಯ ವಿಧಿ ಹೇಳುತ್ತದೆ. ಉಳಿದವರಿಗೆ ಅಲ್ಪಾವಧಿಯ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ಬ್ಯಾಂಕ್ ಖಾತೆಯ ವಿವರ, ಹೋಟೆಲ್ ಬುಕಿಂಗ್, ಕೆಲಸದ ಪತ್ರ ಇತ್ಯಾದಿಗಳನ್ನು ಇಂಥ ಅರ್ಜಿದಾರರಿಂದ ಕೇಳಬೇಕಾಗಿಲ್ಲ. ಮದುವೆಯ ಪ್ರಮಾಣಪತ್ರ, ಸಂಗಾತಿಯ ಪೌರತ್ವದ ಸಾಕ್ಷಿ, ಅವರ ಜೊತೆ ಹೋಗುತ್ತಿದ್ದೀರಿ ಅಥವಾ ಅವರನ್ನು ಸೇರುತ್ತಿದ್ದೀರಿ ಎಂಬುದರ ಸಾಕ್ಷಿ, ಈ ಮೂರು ಮುಖ್ಯ.

ವೀಸಾ ಅರ್ಜಿ ಸ್ವೀಕರಿಸುವ ಕೇಂದ್ರದ ಕೌಂಟರಿನಲ್ಲಿ ಇದನ್ನು ತಿಳಿದವರು ಎಲ್ಲ ಸಮಯದಲ್ಲೂ ಇರುವುದಿಲ್ಲ. ಅರ್ಜಿ ನಮೂನೆಯಲ್ಲಿ ಒಕ್ಕೂಟದ ನಾಗರಿಕರ ಕುಟುಂಬದವರಿಗಾಗಿ ಇರುವ ಭಾಗವನ್ನು ಭರ್ತಿ ಮಾಡಿ, ನಿರ್ದೇಶನದ ಹೆಸರನ್ನು ನಮೂದಿಸಿದ ಒಂದು ಪುಟದ ಪತ್ರವನ್ನು ಮೇಲಿಟ್ಟುಕೊಟ್ಟರೆ ಕಡತ ಸರಿಯಾದ ಮೇಜಿಗೆ ಹೋಗುತ್ತದೆ.

ಹೀಗೆ ಸಿಗುವ ವೀಸಾ ಹಲವು ಬಾರಿ ಅಲ್ಪಾವಧಿಯ ‘ಸಿ’ ವರ್ಗದ್ದಾಗಿರುತ್ತದೆ. ಅದು ಷೆಂಗೆನ್ ವಲಯಕ್ಕೆಲ್ಲ ನಡೆಯುವುದರಿಂದ ಆಸ್ಟ್ರಿಯದ ಮೂಲಕ ಹೋದರೂ ತೊಡಕಿಲ್ಲ. ಜರ್ಮನಿ ಸೇರಿದ ಮೇಲೆ ‘ಒಕ್ಕೂಟದ ನಾಗರಿಕರ ಕುಟುಂಬ ಸದಸ್ಯರ ನಿವಾಸ ಕಾರ್ಡ್’ ಪಡೆದರೆ ಮುಂದಿನ ಪ್ರಯಾಣಗಳು ಇನ್ನೂ ಸುಲಭ, ಸಂಗಾತಿಯ ಜೊತೆಗೆ ಅಥವಾ ಅವರನ್ನು ಸೇರಲು ಹೋಗುವಾಗ ವೀಸಾದ ಅಗತ್ಯವೇ ಇರುವುದಿಲ್ಲ. ಬ್ರಿಟನ್ ಇನ್ನೂ ಒಕ್ಕೂಟದಲ್ಲಿದ್ದ ಕಾಲದಲ್ಲಿ ಇಂಥ ಕಾರ್ಡ್ ಇದ್ದವರಿಂದಲೂ ತನ್ನದೇ ಪರವಾನಗಿ ಕೇಳುತ್ತಿತ್ತು. ಸ್ಪೇನ್ ಕೊಟ್ಟ ಕಾರ್ಡ್ ಇದ್ದ ಕೊಲಂಬಿಯದ ಮಹಿಳೆಯೊಬ್ಬರ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಅದು ಸರಿಯಲ್ಲ ಎಂದಿತು. ಮೆಕಾರ್ಥಿ ತೀರ್ಪು ಎಂದು ಅದು ಪ್ರಸಿದ್ಧ.

ನನ್ನ ಪತಿ ಜರ್ಮನ್ ನಾಗರಿಕರು, ಜರ್ಮನಿಯಲ್ಲೇ ಇರುತ್ತಾರೆ. ನನಗೂ ಇದು ಅನ್ವಯಿಸುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಸ್ವಂತ ದೇಶದಲ್ಲೇ ಇರುವ ನಾಗರಿಕರು ಮುಕ್ತ ಸಂಚಾರದ ಹಕ್ಕನ್ನು ಬಳಸಿಲ್ಲವಾದ್ದರಿಂದ ಅವರ ಸಂಗಾತಿ ರಾಷ್ಟ್ರೀಯ ಕಾನೂನಿನ ಪ್ರಕಾರವೇ, ಅಂದರೆ ಡಿ ವರ್ಗದ ವೀಸಾ ಪಡೆದು, ಹೋಗಬೇಕು. ಜರ್ಮನಿಯಲ್ಲಿರುವ ಇಟಲಿಯ ನಾಗರಿಕರ ಸಂಗಾತಿಗೆ ಜರ್ಮನ್ ಭಾಷೆಯ ಪರೀಕ್ಷೆ ಬೇಕಿಲ್ಲ, ಜರ್ಮನ್ ನಾಗರಿಕರ ಸಂಗಾತಿ ಸಾಮಾನ್ಯವಾಗಿ ಎ1 ಎಂಬ ಆರಂಭಿಕ ಮಟ್ಟದ ಭಾಷಾ ಪ್ರಮಾಣಪತ್ರ ತರಬೇಕು. ಸ್ವದೇಶದವರಿಗಿಂತ ಪಕ್ಕದ ದೇಶದವರಿಗೆ ಹೆಚ್ಚು ಹಕ್ಕು ಎಂಬ ಈ ವಿಚಿತ್ರವನ್ನು ಕೇಳಿ ಸಿಟ್ಟಾಗುವವರೇ ಹೆಚ್ಚು, ಆದರೆ ಕಾನೂನು ಇರುವುದು ಹಾಗೆಯೇ.

ಇದರೊಳಗೆ ಸೂಕ್ಷ್ಮವಾದ ಒಂದು ಅಂಶವಿದೆ. ಅದೇ ಜರ್ಮನ್ ಪತಿ ವಿಯೆನ್ನಾಕ್ಕೆ ಬಂದಿದ್ದು, ನೀವು ಅಲ್ಲಿ ಅವರನ್ನು ಸೇರುವುದಾದರೆ, ಆಸ್ಟ್ರಿಯದ ಮಟ್ಟಿಗೆ ಅವರು ಇನ್ನೊಂದು ದೇಶಕ್ಕೆ ಬಂದ ಒಕ್ಕೂಟದ ನಾಗರಿಕರಾಗುತ್ತಾರೆ, ಆಸ್ಟ್ರಿಯದೊಳಗೆ ನಿಮ್ಮ ಪ್ರವೇಶಕ್ಕೆ ಆ ನಿರ್ದೇಶನದ ಬಲ ಸಿಗುತ್ತದೆ. ನೀವೊಬ್ಬರೇ ವಿಯೆನ್ನಾದಲ್ಲಿಳಿದು, ಮ್ಯೂನಿಕ್‌ನಲ್ಲಿ ಕಾಯುತ್ತಿರುವ ಅವರತ್ತ ರೈಲು ಹತ್ತುವುದಾದರೆ ಆ ಬಲವಿಲ್ಲ. ಡಿ ವೀಸಾ ಇದ್ದವರಿಗೆ ಈ ವ್ಯತ್ಯಾಸದಿಂದ ಏನೂ ಆಗುವುದಿಲ್ಲ, ಕೇವಲ ಸಂಬಂಧದ ಆಧಾರದ ಮೇಲೆ ಪ್ರಯಾಣಿಸುವವರಿಗೆ ಎಲ್ಲವೂ ಆಗುತ್ತದೆ.

ಸಂಗಾತಿಯ ಸ್ವದೇಶದ ನಿಯಮಗಳು ತೀರ ಕಠಿಣ. ಇಬ್ಬರೂ ಮೊದಲು ನೆರೆಯ ದೇಶದಲ್ಲಿ ನೆಲೆಸಿ, ಆಮೇಲೆ ಹಿಂತಿರುಗುವುದು ಕಾನೂನುಬದ್ಧವೇ?

ಕಾನೂನುಬದ್ಧ, ಅದಕ್ಕೊಂದು ಇತಿಹಾಸವೂ ಇದೆ. ಭಾರತೀಯ ನಾಗರಿಕ ಸುರಿಂದರ್ ಸಿಂಗ್ ಮತ್ತು ಅವರ ಬ್ರಿಟಿಷ್ ಪತ್ನಿ 1983ರಿಂದ 1985ರವರೆಗೆ ಜರ್ಮನಿಯಲ್ಲಿ ಕೆಲಸ ಮಾಡಿ ಬ್ರಿಟನ್ನಿಗೆ ಮರಳಿದರು. ಬೇರೆ ಸದಸ್ಯ ದೇಶದಲ್ಲಿ ದುಡಿದು ಮರಳುವ ನಾಗರಿಕರ ಸಂಗಾತಿಗೆ, ಆ ಇನ್ನೊಂದು ದೇಶದಲ್ಲಿ ಸಿಗುತ್ತಿದ್ದಷ್ಟಾದರೂ ಹಕ್ಕು ಸ್ವದೇಶದಲ್ಲಿ ಸಿಗಬೇಕು, ಇಲ್ಲವಾದರೆ ಯಾರೂ ಹೊರಗೆ ಹೋಗಲು ಮನಸ್ಸು ಮಾಡುವುದಿಲ್ಲ ಎಂದು ಒಕ್ಕೂಟದ ನ್ಯಾಯಾಲಯ 1992ರಲ್ಲಿ ತೀರ್ಪು ಕೊಟ್ಟಿತು. ಇವತ್ತಿಗೂ ಇದನ್ನು ಸುರಿಂದರ್ ಸಿಂಗ್ ಮಾರ್ಗ ಎಂದೇ ಕರೆಯುತ್ತಾರೆ.

ಇದರ ಅತ್ಯಂತ ಪರಿಚಿತ ಉದಾಹರಣೆ ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನದು. ಸಂಗಾತಿಯನ್ನು ಕರೆಸಿಕೊಳ್ಳಲು ಇಬ್ಬರಿಗೂ 24 ವರ್ಷ ತುಂಬಿರಬೇಕೆಂಬ ನಿಯಮವನ್ನು ಡೆನ್ಮಾರ್ಕ್ 2002ರಲ್ಲಿ ತಂದಿತು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಕೋಪನ್‌ಹೇಗನ್ ಮತ್ತು ಮಾಲ್ಮೋ ನಗರಗಳನ್ನು ಬೆಸೆಯುವ ಓರೆಸುಂಡ್ ಸೇತುವೆ ತೆರೆದಿತ್ತು. ಡೇನಿಷ್ ಯುವಕ ಯುವತಿಯರು ಮಾಲ್ಮೋದಲ್ಲಿ ಮನೆ ಹಿಡಿದು, ಸಂಗಾತಿಯನ್ನು ಅಲ್ಲಿಗೆ ಕರೆಸಿಕೊಂಡು, ಕೆಲಸಕ್ಕೆ ಮಾತ್ರ ದಿನವೂ ಸೇತುವೆ ದಾಟಿ ಕೋಪನ್‌ಹೇಗನ್‌ಗೆ ಹೋಗಿಬರತೊಡಗಿದರು. 2008ರ ಜುಲೈನಲ್ಲಿ ಬಂದ ಮೆಟಾಕ್ ತೀರ್ಪು, ಸಂಗಾತಿ ಮೊದಲು ಬೇರೊಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ವಾಸವಿದ್ದಿರಬೇಕೆಂಬ ಷರತ್ತನ್ನು ತೆಗೆದುಹಾಕಿ ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು.

ಆದರೆ ವಿಳಾಸವೊಂದನ್ನು ಬಾಡಿಗೆಗೆ ಹಿಡಿದು ವಾರಾಂತ್ಯಕ್ಕೆ ಹೋಗಿಬಂದರೆ ಇದು ಸಿದ್ಧಿಸುವುದಿಲ್ಲ. ಕನಿಷ್ಠ ಮೂರು ತಿಂಗಳಿಗಿಂತ ಹೆಚ್ಚಿನ, ಕುಟುಂಬ ಜೀವನ ನಿಜವಾಗಿ ಕಟ್ಟಿಕೊಂಡ ವಾಸ ಬೇಕೆಂದು 2014ರ ಇನ್ನೊಂದು ತೀರ್ಪು ಹೇಳಿದೆ. ‘ಸುಲಭದ ನಿಯಮಕ್ಕಾಗಿಯೇ ಹೋದಿರಿ’ ಎಂಬ ಆಕ್ಷೇಪಕ್ಕೆ ಬೆಲೆಯಿಲ್ಲ, ಏಕೆಂದರೆ ಉದ್ದೇಶ ಏನಿತ್ತೆಂಬುದು ಮುಖ್ಯವಲ್ಲವೆಂದು ನ್ಯಾಯಾಲಯ 2003ರಲ್ಲೇ ಹೇಳಿತ್ತು. ವಾಸ ನಿಜವೋ ತೋರಿಕೆಯದೋ ಎಂಬುದಷ್ಟೇ ಪ್ರಶ್ನೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಸಂಬಳದ ಚೀಟಿ, ಪುರಸಭೆಯ ನೋಂದಣಿ, ಇವುಗಳಲ್ಲಿ ಇಬ್ಬರ ಹೆಸರೂ ಇರುವಂತೆ ಮೊದಲ ತಿಂಗಳಿನಿಂದಲೇ ನೋಡಿಕೊಳ್ಳಬೇಕು. ಒಕ್ಕೂಟದಿಂದ ಹೊರಬಂದ ಕಾರಣ ಈ ಮಾರ್ಗವನ್ನು ಹುಟ್ಟುಹಾಕಿದ ಬ್ರಿಟಿಷ್ ನಾಗರಿಕರಿಗೇ ಈಗ ಅದು ಮುಚ್ಚಿಹೋಗಿದೆ.

ಸಂಗಾತಿ ಬ್ರಿಟನ್‌ನಲ್ಲಿದ್ದಾರೆ. ಷೆಂಗೆನ್ ದೇಶವೊಂದರಲ್ಲಿ ವಿಮಾನ ಬದಲಿಸಿದರೆ ವೀಸಾ ಬೇಕೇ?

ಇಲ್ಲಿ ಎಚ್ಚರ ಬೇಕು. ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಭಾಗದಿಂದ ಹೊರಬರದೆ ವಿಮಾನ ಬದಲಿಸಲು ಕೂಡ ಕೆಲವು ದೇಶಗಳ ನಾಗರಿಕರಿಗೆ ‘ಎ’ ವರ್ಗದ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಷೆಂಗೆನ್ ದೇಶಗಳ ವೀಸಾ ಸಂಹಿತೆಯ ಸಾಮಾನ್ಯ ಪಟ್ಟಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಸೇರಿದಂತೆ 12 ದೇಶಗಳಿವೆ, ಭಾರತ ಅದರಲ್ಲಿಲ್ಲ. ಆದರೆ ಸದಸ್ಯ ದೇಶಗಳು ತಮ್ಮದೇ ಹೆಚ್ಚುವರಿ ಪಟ್ಟಿ ಇಟ್ಟುಕೊಳ್ಳಬಹುದು, ಅಂಥ ಪಟ್ಟಿಗಳಲ್ಲಿ ಭಾರತದ ಹೆಸರು ಕಾಣಿಸಿಕೊಂಡಿದೆ, ಅವು ಬದಲಾಗುತ್ತಲೂ ಇರುತ್ತವೆ. ಅಮೆರಿಕ, ಕೆನಡಾ, ಜಪಾನ್ ಅಥವಾ ಐರ್ಲೆಂಡ್‌ನ ಊರ್ಜಿತ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ ಬ್ರಿಟಿಷ್ ವೀಸಾಕ್ಕೆ ಈ ಸೌಲಭ್ಯ ಉಳಿದಿಲ್ಲ. ಲಂಡನ್‌ನಲ್ಲಿರುವ ಸಂಗಾತಿಯನ್ನು ಸೇರುವವರು ಟಿಕೆಟ್‌ನ ಬೆಲೆಗಿಂತ ಮೊದಲು ಇದನ್ನು ನೋಡಬೇಕು.

ಎ ವರ್ಗದ ವೀಸಾ ಇದ್ದರೂ ಸಾಲದ ಸಂದರ್ಭಗಳಿವೆ. ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದು, ಪೆಟ್ಟಿಗೆಯನ್ನು ನೀವೇ ಹೊರಗೆ ಪಡೆದು ಮತ್ತೆ ಚೆಕ್‌ಇನ್ ಮಾಡಬೇಕಾದರೆ. ಪ್ಯಾರಿಸ್‌ನ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ. ಪ್ಯಾರಿಸ್‌ನಲ್ಲಿ ಇಳಿದು ಫ್ರಾಂಕ್‌ಫರ್ಟ್‌ಗೆ ಹಾರಿ ಅಲ್ಲಿಂದ ಲಂಡನ್ ವಿಮಾನ ಹಿಡಿಯುವುದಾದರೆ, ಈ ಮೂರರಲ್ಲೂ ನೀವು ಷೆಂಗೆನ್ ವಲಯದ ಒಳಗೆ ಬಂದಂತೆಯೇ, ಹಾಗಾಗಿ ಸಿ ವರ್ಗದ ವೀಸಾ ಬೇಕು. ಅಗ್ಗದ ಟಿಕೆಟ್‌ಗಳಲ್ಲಿ ಈ ಬಗೆಯವು ತುಂಬ ಇರುತ್ತವೆ.

ತಿರುಗುಮುರುಗಾಗಿ, ಲಂಡನ್ ಮೂಲಕ ಷೆಂಗೆನ್ ದೇಶಕ್ಕೆ ಹೋಗುವವರಿಗೂ ಬ್ರಿಟನ್‌ನ ಟ್ರಾನ್ಸಿಟ್ ವೀಸಾ ಬೇಕಾಗಬಹುದು. ಡಿ ವರ್ಗದ ವೀಸಾ ಇದ್ದವರು ಅದರ ವಿನಾಯಿತಿ ಪಟ್ಟಿಯಲ್ಲಿದ್ದಾರೆ, ಬರೀ ಸಿ ವರ್ಗದ ವೀಸಾ ಇರುವವರು ಇಲ್ಲ.

ಸಂಗಾತಿ ಬೆಲ್‌ಫಾಸ್ಟ್‌ನಲ್ಲಿದ್ದಾರೆ. ಡಬ್ಲಿನ್‌ನಲ್ಲಿ ಇಳಿದು ಬಸ್ಸಿನಲ್ಲಿ ಹೋಗುವುದು ಸುಲಭವಲ್ಲವೇ?

ನಕ್ಷೆಯಲ್ಲಿ ಸುಲಭ, ಕಾನೂನಿನಲ್ಲಿ ಅಲ್ಲ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಡಬ್ಲಿನ್ ಐರ್ಲೆಂಡ್ ಗಣರಾಜ್ಯದ ರಾಜಧಾನಿ. ಎರಡರ ನಡುವೆ ಸಮಾನ ಸಂಚಾರ ವಲಯದ ಒಪ್ಪಂದವಿದ್ದು, ಭೂಗಡಿಯಲ್ಲಿ ಗೇಟೂ ಇಲ್ಲ, ನಿತ್ಯದ ಪಾಸ್‌ಪೋರ್ಟ್ ತಪಾಸಣೆಯೂ ಇಲ್ಲ. ಆದರೆ ಆ ಸೌಲಭ್ಯ ಬ್ರಿಟಿಷ್ ಮತ್ತು ಐರಿಷ್ ನಾಗರಿಕರದ್ದು. ಬ್ರಿಟನ್‌ನ ಸಂಗಾತಿ ವೀಸಾ ಹಿಡಿದ ಭಾರತೀಯರಿಗೆ ಡಬ್ಲಿನ್‌ನಲ್ಲಿ ಇಮಿಗ್ರೇಷನ್ ದಾಟಲು ಐರಿಷ್ ವೀಸಾ ಬೇಕು. ಒಂದರ ವೀಸಾದಲ್ಲಿ ಇನ್ನೊಂದಕ್ಕೆ ಹೋಗಲು ಬಿಡುವ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಭಾರತೀಯರಿಗೆ ಇದೆ, ನಿಜ. ಅದು ಅಲ್ಪಾವಧಿಯ ಭೇಟಿಯ ವೀಸಾಗಳಿಗೆ ಮಾತ್ರ. ಲಂಡನ್ ಅಥವಾ ಮ್ಯಾಂಚೆಸ್ಟರ್‌ನಲ್ಲಿ ಇಳಿದು, ಅಲ್ಲಿಂದ ಬೆಲ್‌ಫಾಸ್ಟ್‌ಗೆ ಹಾರುವುದೇ ಸರಿಯಾದ ದಾರಿ.

ನೆರೆಯ ದೇಶಕ್ಕೆ ಟೂರಿಸ್ಟ್ ವೀಸಾದಲ್ಲಿ ಬಂದು, ಅಲ್ಲಿಂದ ಸಂಗಾತಿಯ ದೇಶಕ್ಕೆ ಹೋಗಿ ನಿವಾಸ ಪರವಾನಗಿಗೆ ಅರ್ಜಿ ಹಾಕಬಹುದೇ?

ಹಾಕದಿರುವುದು ಒಳ್ಳೆಯದು. ನಿಜವಾದ ಉದ್ದೇಶವನ್ನು ಮರೆಮಾಚಿ ಪಡೆದ ವೀಸಾವನ್ನು ರದ್ದುಮಾಡಲು ವೀಸಾ ಸಂಹಿತೆಯ 34ನೆಯ ವಿಧಿ ಅವಕಾಶ ಕೊಡುತ್ತದೆ, ಆ ದಾಖಲೆ ಎಲ್ಲ ಸದಸ್ಯ ದೇಶಗಳ ಕಾನ್ಸುಲೇಟ್‌ಗಳಿಗೂ ಕಾಣುತ್ತದೆ. ಮದುವೆಯನ್ನು ಡೆನ್ಮಾರ್ಕ್‌ನಲ್ಲಿ ಮಾಡಿಕೊಂಡು ಜರ್ಮನಿಗೆ ಬರುವ ಜೋಡಿಗಳು ಅನೇಕ. ಅಲ್ಲಿ ಕಾಗದಪತ್ರದ ಕೆಲಸ ಹಗುರ, 2019ರಿಂದ ಒಂದೇ ಸಂಸ್ಥೆ ಅದನ್ನು ಪರಿಶೀಲಿಸುತ್ತದೆ. ಆ ಮದುವೆ ಜರ್ಮನಿಯಲ್ಲೂ ಸಿಂಧುವೇ. ಆದರೆ ಮದುವೆ ಸಿಂಧುವಾದ ಮಾತ್ರಕ್ಕೆ ಜರ್ಮನಿಯ ಡಿ ವೀಸಾ ಪಡೆಯಬೇಕೆಂಬ ಷರತ್ತು ತಾನಾಗಿ ಮನ್ನಾ ಆಗುವುದಿಲ್ಲ.

ಎಲ್ಲ ಸರಿಯಿದ್ದರೂ ವಿಮಾನ ಸಂಸ್ಥೆಯವರು ಕೌಂಟರಿನಲ್ಲೇ ತಡೆದರೆ?

ಸರಿಯಾದ ದಾಖಲೆಯಿಲ್ಲದ ಪ್ರಯಾಣಿಕರನ್ನು ತಂದ ಸಂಸ್ಥೆಗೆ ದಂಡ ಬೀಳುತ್ತದೆ. 2001ರ ನಿರ್ದೇಶನದ ಪ್ರಕಾರ ತಲೆಗೆ ಕನಿಷ್ಠ 3,000 ಯೂರೋ, ಇಲ್ಲವೇ ಗರಿಷ್ಠ ಮಿತಿ 5,000 ಯೂರೋಗಿಂತ ಕಡಿಮೆಯಿಲ್ಲದಂತೆ ದೇಶಗಳು ಅದನ್ನು ನಿಗದಿಪಡಿಸಬೇಕು. ಹಾಗಾಗಿ ಕೌಂಟರಿನಲ್ಲಿರುವವರು ಅನುಮಾನವಿದ್ದರೆ ಹತ್ತಿಸುವುದಿಲ್ಲ. ಅವರು ನೋಡುವುದು ಯಾವ ದೇಶಕ್ಕೆ ಯಾವ ದಾಖಲೆ ಬೇಕೆಂದು ತಿಳಿಸುವ ಟೈಮ್ಯಾಟಿಕ್ ಎಂಬ ದತ್ತಾಂಶವನ್ನು. ವಾದಕ್ಕಿಳಿಯುವ ಬದಲು, ‘ನನ್ನದು ಡಿ ವೀಸಾ, ನಿವಾಸದ ದೇಶ ಇಂಥದ್ದು, ಹಾದುಹೋಗುವ ದೇಶ ಇಂಥದ್ದು ಎಂದು ಹಾಕಿ ನೋಡಿ’ ಎಂದು ಸಮಾಧಾನವಾಗಿ ಕೇಳಿ; ಆಗದಿದ್ದರೆ ಮೇಲ್ವಿಚಾರಕರನ್ನು ಕರೆಯಲು ಹೇಳಿ. ಇದಕ್ಕೆಲ್ಲ ಸಮಯ ಬೇಕಾದ್ದರಿಂದ ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರುವುದು ಲೇಸು. ದಾಖಲೆ ನಿಜಕ್ಕೂ ಸಾಲದಿದ್ದ ಕಾರಣ ತಡೆದಿದ್ದರೆ ಒಕ್ಕೂಟದ ವಿಮಾನ ಪ್ರಯಾಣಿಕರ ಪರಿಹಾರದ ನಿಯಮ ನೆರವಿಗೆ ಬರುವುದಿಲ್ಲ.

ಕೈಚೀಲದಲ್ಲಿ ಯಾವ ಕಾಗದಗಳಿರಬೇಕು?

ಅಪೊಸ್ಟೀಲ್ (ವಿದೇಶದಲ್ಲಿ ಬಳಸುವ ದಾಖಲೆಗೆ ಹಾಕುವ ಅಧಿಕೃತ ದೃಢೀಕರಣ) ಮಾಡಿಸಿದ ಮೂಲ ಮದುವೆ ಪ್ರಮಾಣಪತ್ರ, ಬೇಕಾದ ಭಾಷೆಗೆ ಅಧಿಕೃತ ಭಾಷಾಂತರ, ಸಂಗಾತಿಯ ಪಾಸ್‌ಪೋರ್ಟ್ ಮತ್ತು ನಿವಾಸ ಕಾರ್ಡಿನ ಪ್ರತಿ, ಮನೆಯ ವಿಳಾಸ ಮತ್ತು ಫೋನ್ ಸಂಖ್ಯೆ ಬರೆದ ಒಂದು ಚೀಟಿ. ಭಾರತ 2005ರಿಂದ ಅಪೊಸ್ಟೀಲ್ ಒಪ್ಪಂದದಲ್ಲಿದ್ದು, ವಿದೇಶಾಂಗ ಸಚಿವಾಲಯ ಅದನ್ನು ಮಾಡಿಕೊಡುತ್ತದೆ. ಇವು ಯಾವುದನ್ನೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಪಾಸ್‌ಪೋರ್ಟಿನಲ್ಲಿ ತವರಿನ ಹೆಸರು, ಮದುವೆಯ ಪತ್ರದಲ್ಲಿ ಗಂಡನ ಮನೆಯ ಹೆಸರು ಇದ್ದರೆ, ಟಿಕೆಟ್ ಮತ್ತು ವೀಸಾ ಎರಡೂ ಪಾಸ್‌ಪೋರ್ಟಿನ ಹೆಸರಿಗೇ ಹೊಂದುವಂತಿರಲಿ.

ನೆರೆಯ ದೇಶದಲ್ಲಿ ವಿಮಾನ ರದ್ದಾಗಿ ರಾತ್ರಿ ಉಳಿಯಬೇಕಾದರೆ?

ಡಿ ಅಥವಾ ಸಿ ವೀಸಾ ಇದ್ದವರು ಹೊರಬಂದು ಹೋಟೆಲಿಗೆ ಹೋಗಬಹುದು. ಬ್ರಿಟನ್ನಿಗೆ ಹೋಗುವಾಗ ಷೆಂಗೆನ್ ವೀಸಾ ಇಲ್ಲದೆ ಸಿಕ್ಕಿಕೊಂಡವರಿಗೆ ಅಪವಾದವಾಗಿ ಗಡಿಯಲ್ಲೇ ವೀಸಾ ಕೊಡಲು ವೀಸಾ ಸಂಹಿತೆಯ 35ನೆಯ ವಿಧಿಯಲ್ಲಿ ಅವಕಾಶವಿದೆ, ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅನೇಕ ಬಾರಿ ಟ್ರಾನ್ಸಿಟ್ ಭಾಗದ ಕುರ್ಚಿಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ. ಔಷಧಿ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಮಗುವೂ ಜೊತೆಗಿದ್ದರೆ?

ಮಗುವಿಗೆ ಅದರದೇ ಪಾಸ್‌ಪೋರ್ಟ್, ಅದರದೇ ವೀಸಾ ಬೇಕು. ಒಬ್ಬ ಪೋಷಕರೊಂದಿಗೆ ಮಾತ್ರ ಹೋಗುವಾಗ ಇನ್ನೊಬ್ಬರ ಸಹಿಯಿರುವ ಒಪ್ಪಿಗೆ ಪತ್ರವನ್ನೂ ಜನನ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ.

ನೆರೆಯ ದೇಶದ ಗಡಿಯಲ್ಲಿ ಪ್ರವೇಶ ನಿರಾಕರಿಸಿದರೆ ಏನು ಮಾಡಬೇಕು?

ಬಾಯಿಮಾತಿನ ನಿರಾಕರಣೆ ಸಾಲದು. ಕಾರಣವನ್ನು ಗುರುತು ಮಾಡಿದ ನಿಗದಿತ ನಮೂನೆಯನ್ನು ಕೊಡಬೇಕೆಂದು ಗಡಿ ಸಂಹಿತೆಯ 14ನೆಯ ವಿಧಿ ಹೇಳುತ್ತದೆ, ಮೇಲ್ಮನವಿಯ ಹಕ್ಕೂ ಇದೆ, ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ವಾಪಸು ಕಳುಹಿಸುವುದು ನಿಲ್ಲುವುದಿಲ್ಲ. ಆದ್ದರಿಂದ ಅಲ್ಲೇ, ಆ ಮೇಜಿನ ಮುಂದೆಯೇ, ಮಾಡಬೇಕಾದ್ದನ್ನು ಮಾಡಬೇಕು. ಡಿ ವೀಸಾ ಇದ್ದರೆ 6ನೆಯ ವಿಧಿಯ ಹಾದುಹೋಗುವ ಹಕ್ಕನ್ನು ಹೆಸರಿಸಿ ಹೇಳಿ. ಒಕ್ಕೂಟದ ನಾಗರಿಕರ ಸಂಗಾತಿಯಾಗಿದ್ದು ವೀಸಾ ಇಲ್ಲದೆ ಸಿಕ್ಕಿಕೊಂಡಿದ್ದರೆ, ವಾಪಸು ಕಳುಹಿಸುವ ಮೊದಲು ಬೇಕಾದ ದಾಖಲೆಗಳನ್ನು ತರಿಸಿಕೊಳ್ಳಲು ಅಥವಾ ಹಕ್ಕನ್ನು ಬೇರೆ ರೀತಿಯಲ್ಲಿ ರುಜುವಾತುಪಡಿಸಲು ಸಮಂಜಸವಾದ ಎಲ್ಲ ಅವಕಾಶವನ್ನೂ ಕೊಡಬೇಕೆಂದು 2004ರ ನಿರ್ದೇಶನದ 5ನೆಯ ವಿಧಿ ಹೇಳುತ್ತದೆ. ಅಂಥ ಹೊತ್ತಿನಲ್ಲಿ ಸಂಗಾತಿ ಫೋನಿಗೆ ಸಿಗುವಂತಿರಬೇಕು, ಅವರ ಪಾಸ್‌ಪೋರ್ಟ್ ಮತ್ತು ನೋಂದಣಿ ಪತ್ರದ ಚಿತ್ರಗಳು ಕೂಡಲೇ ಕಳುಹಿಸಲು ಸಿದ್ಧವಿರಬೇಕು. ಹತ್ತಿರವಿದ್ದರೆ ಅವರೇ ವಿಮಾನ ನಿಲ್ದಾಣಕ್ಕೆ ಬಂದು ಗಡಿ ಪೊಲೀಸರ ಕಚೇರಿಯಲ್ಲಿ ಮಾತಾಡಲಿ. ಅರ್ಥವಾಗದ ಭಾಷೆಯ ಯಾವ ಕಾಗದಕ್ಕೂ, ವಿಶೇಷವಾಗಿ ‘ಸ್ವಇಚ್ಛೆಯಿಂದ ಮರಳುತ್ತಿದ್ದೇನೆ’ ಎಂಬರ್ಥದ್ದಕ್ಕೆ, ದುಭಾಷಿಯನ್ನು ಕೇಳದೆ ಸಹಿ ಹಾಕಬೇಡಿ.